ಕಾರ್ಯಾಚರಣಾ ವ್ಯವಸ್ಥೆಯ ಬದಲಾವಣೆ: ಮೊದಲು ಮೇಜಿನ ಮೇಲಿನ ಉಪಕರಣಗಳ ಪರಿಶೀಲನೆ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅಂದು ಯಾವ ಗಣಕಯಂತ್ರವೂ ನಿಂತುಹೋಗಲಿಲ್ಲವಾದ್ದರಿಂದ, ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಈ ಸಂಗತಿ ಗಮನಕ್ಕೆ ಬಾರದೆ ಉಳಿಯುವ ಸಂಭವವೇ ಹೆಚ್ಚು. ಸಂಸ್ಥೆಗಳು ಶುಲ್ಕ ತೆತ್ತು ಗರಿಷ್ಠ ಮೂರು ವರ್ಷ ಭದ್ರತಾ ಪರಿಷ್ಕರಣೆಗಳನ್ನು ಪಡೆಯಬಹುದು. ಶುಲ್ಕ ಕಟ್ಟದ ಯಂತ್ರವು ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೆರೆದ ಬಾಗಿಲಾಗಿರುತ್ತದೆ. ಅದೇ ಯಂತ್ರದಲ್ಲಿ ಗ್ರಾಮಸ್ಥರ ಆಸ್ತಿ ವಿವರ, ಬ್ಯಾಂಕ್ ಖಾತೆ ಸಂಖ್ಯೆ ಹಾಗೂ ಆಧಾರ್ ಪ್ರತಿಗಳಿರುತ್ತವೆ ಎಂಬುದನ್ನು ಮರೆಯಲಾಗದು.

ವಿಂಡೋಸ್ 11ಕ್ಕೆ ಏರಬೇಕಾದರೆ ಯಂತ್ರದಲ್ಲಿ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು. ಇಂಟೆಲ್ ಸಂಸ್ಕಾರಕವಾಗಿದ್ದಲ್ಲಿ ಅದು ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. 2017ಕ್ಕಿಂತ ಮೊದಲು ಖರೀದಿಸಿದ ಬಹುಪಾಲು ಯಂತ್ರಗಳು ಈ ಷರತ್ತಿನಲ್ಲಿಯೇ ಹೊರಗುಳಿಯುತ್ತವೆ. ಕೆಲವು ಹೊಸ ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ನಿಷ್ಕ್ರಿಯಗೊಂಡಿರುತ್ತದೆ. ಅದನ್ನು ನೋಡದೆಯೇ ಯಂತ್ರವನ್ನು ನಿರುಪಯುಕ್ತವೆಂದು ಷರಾ ಬರೆಯುವುದು ಸಾರ್ವಜನಿಕ ಹಣದ ಅಪವ್ಯಯ.

ಹಳೆಯ ಯಂತ್ರಕ್ಕೆ ಉಳಿಯುವ ಇನ್ನೊಂದು ದಾರಿ ಲಿನಕ್ಸ್. ಉಬುಂಟು 24.04 ಹಾಗೂ ಲಿನಕ್ಸ್ ಮಿಂಟ್ 22 ಆವೃತ್ತಿಗಳಿಗೆ 2029ರವರೆಗೆ ಉಚಿತ ಬೆಂಬಲವಿದೆ. ಮಿಂಟ್ 2 ಜಿಬಿ ಮೆಮೊರಿಯಲ್ಲಿಯೂ ನಡೆಯುತ್ತದೆ. 4 ಜಿಬಿ ಇದ್ದರೆ ಸರಾಗ. ಯಂತ್ರದೊಳಗಿನ ಬಿಡಿಭಾಗಗಳ ವಿಷಯದಲ್ಲಿ ಲಿನಕ್ಸ್ ಹಲವು ವೇಳೆ ವಿಂಡೋಸ್‌ಗಿಂತ ಸುಲಭ. ಚಾಲಕ ತಂತ್ರಾಂಶಗಳ ಬಹುಭಾಗ ಅದರ ತಿರುಳಿನಲ್ಲಿಯೇ ಅಡಕವಾಗಿರುವುದರಿಂದ, ಧ್ವನಿ ಮತ್ತು ಜಾಲ ಸಂಪರ್ಕಕ್ಕೆಂದು ಪ್ರತ್ಯೇಕ ಸಿಡಿ ಹುಡುಕುವ ಪ್ರಮೇಯ ವಿರಳ.

ತೊಡಕು ಇರುವುದು ಯಂತ್ರದ ಹೊರಗೆ, ಯುಎಸ್‌ಬಿ ತಂತಿಯ ಇನ್ನೊಂದು ತುದಿಯಲ್ಲಿ. ಎಚ್‌ಪಿ ಸಂಸ್ಥೆಯ ಮುದ್ರಕಗಳಿಗೆ ಎಚ್‌ಪಿಲಿಪ್ ಎಂಬ ಮುಕ್ತ ತಂತ್ರಾಂಶವಿದ್ದು, ಹಲವು ಮಾದರಿಗಳು ಜೋಡಿಸಿದ ಕೂಡಲೇ ಮುದ್ರಿಸುತ್ತವೆ. ಆದರೆ ಅದೇ ಸಂಸ್ಥೆಯ ಲೇಸರ್‌ಜೆಟ್ 1020 ಮಾದರಿಯು ಪ್ರತಿ ಬಾರಿ ವಿದ್ಯುತ್ ಬಂದಾಗಲೂ ತನ್ನ ಫರ್ಮ್‌ವೇರನ್ನು ಗಣಕಯಂತ್ರದಿಂದಲೇ ಪಡೆಯಬೇಕಾಗುತ್ತದೆ. ಅದಕ್ಕೆ ಬೇಕಾದ ಹೆಚ್ಚುವರಿ ಪ್ಲಗಿನ್ ಹಾಕಿರದಿದ್ದರೆ ಮುದ್ರಕ ಮೌನವಾಗಿರುತ್ತದೆ. ಕಚೇರಿಗಳಲ್ಲಿ ಚಿರಪರಿಚಿತವಾದ ಕ್ಯಾನನ್ ಎಲ್‌ಬಿಪಿ 2900 ಮುದ್ರಕವು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ವ್ಯವಹರಿಸುತ್ತದೆ. ಅದರ ಲಿನಕ್ಸ್ ಚಾಲಕ ಲಭ್ಯವಿದ್ದರೂ ಅಳವಡಿಸುವುದು ಅನನುಭವಿಗಳ ಕೆಲಸವಲ್ಲ. ಸ್ಕ್ಯಾನರ್‌ಗಳಲ್ಲಿ ಇದಕ್ಕೆ ವಿರುದ್ಧವಾದ ಅನುಭವವೂ ಉಂಟು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲದ ಕಾರಣ, 64 ಬಿಟ್ ಚಾಲಕ ಸಿಗದ ಹಳೆಯ ಸ್ಕ್ಯಾನರ್ ಅಲ್ಲಿ ಮೂಲೆ ಸೇರುತ್ತದೆ. ಲಿನಕ್ಸ್‌ನ ಸೇನ್ ತಂತ್ರಾಂಶದಲ್ಲಿ ಅದೇ ಸಾಧನ ಮತ್ತೆ ಕೆಲಸಕ್ಕೆ ಬರುವ ಸಾಧ್ಯತೆಯಿದೆ.

ಎಲ್ಲಕ್ಕಿಂತ ನಿರ್ಣಾಯಕವಾದುದು ಹೆಬ್ಬೆರಳಿನಷ್ಟು ಗಾತ್ರದ ಡಿಜಿಟಲ್ ಸಹಿಯ ಟೋಕನ್. ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಹೊರಬರಬೇಕಾದರೆ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೀಳಬೇಕು. ಕೆಲವು ತಯಾರಕರು ಟೋಕನ್‌ಗೆ ಲಿನಕ್ಸ್ ಚಾಲಕ ಒದಗಿಸಿದ್ದರೂ, ಜಾಲತಾಣಕ್ಕೂ ಟೋಕನ್‌ಗೂ ನಡುವೆ ನಿಲ್ಲುವ ಸಹಿ ತಂತ್ರಾಂಶಗಳು ಬಹಳಮಟ್ಟಿಗೆ ವಿಂಡೋಸ್‌ಗಾಗಿ ಸಿದ್ಧವಾದವು. ಆಧಾರ್ ದೃಢೀಕರಣದ ಬೆರಳಚ್ಚು ಸಾಧನದ ಸ್ಥಿತಿಯೂ ಭಿನ್ನವಲ್ಲ. ಅದಕ್ಕೆ ಬೇಕಾದ ನೋಂದಾಯಿತ ಸಾಧನ ಸೇವೆಯನ್ನು ತಯಾರಕರು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗಳಿಗೆ ನೀಡುತ್ತಾರೆ. ಕೊಡ್ಲಿಯಂತಹ ಊರಿನಲ್ಲಿ ಇದರ ಬಿಸಿ ತಟ್ಟುವುದು ಸಿಬ್ಬಂದಿಗಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ತಾಂಡಾದಿಂದ ಬಂದವರು, ಟೋಕನ್ ಗುರುತಾಗಲಿಲ್ಲವೆಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳುತ್ತಾರೆ. ತಂತ್ರಜ್ಞರು ಸೇಡಂನಿಂದಲೋ ಕಲಬುರಗಿಯಿಂದಲೋ ಬರಬೇಕಾದರೆ ಆ ಒಂದು ದಿನ ಮೂರಾಗುವುದು ಕಷ್ಟವೇನಲ್ಲ.

ಇನ್ನು ಬಳಕೆಯ ಸರಳತೆ. ಇದು ಬಹುಮಟ್ಟಿಗೆ ರೂಢಿಯ ಮಾತು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೂ ಲಿನಕ್ಸ್ ಬಳಕೆಯಲ್ಲಿದ್ದು, 2017ರಿಂದ ಆ ಹೊಣೆಯನ್ನು ಕೈಟ್ ಸಂಸ್ಥೆ ನಿರ್ವಹಿಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಪಾಠ ಕಲಿಯುತ್ತಾರೆ. ಅವರಿಗೆ ಲಿನಕ್ಸ್ ಕಠಿಣವೆಂದರೆ ಅರ್ಥವಾಗಲಿಕ್ಕಿಲ್ಲ. ಆದರೆ ಶಾಲೆಯ ಪಾಠಕ್ಕೆ ಟೋಕನ್ ಬೇಕಿಲ್ಲ, ಪಂಚಾಯಿತಿಯ ಸಹಿಗೆ ಬೇಕು. ಆ ಮಾದರಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದಿರುವುದು ಈ ಕಾರಣಕ್ಕೆ.

ಕನ್ನಡ ಬೆರಳಚ್ಚಿನ ವಿಷಯದಲ್ಲಿ ಭಯ ಅನಗತ್ಯ. ನುಡಿಯಲ್ಲಿ ಪಳಗಿದವರಿಗೆ ಪರಿಚಿತವಾದ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೋಜಲಾಗಿ ಕಾಣಿಸುತ್ತವೆ. ಗ್ರಾಮ ಸಭೆಯ ಹತ್ತು ವರ್ಷಗಳ ನಡಾವಳಿ ಹೀಗೆ ಕಂಡಾಗ ಕಡತವೇ ಹಾಳಾಯಿತೆಂದು ಅಳಿಸಿಹಾಕುವ ಅಪಾಯವಿದೆ. ಅವುಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಹೀಗಿರುವಾಗ ಕಚೇರಿಯ ಎಲ್ಲ ಯಂತ್ರಗಳಿಗೂ ಒಂದೇ ವ್ಯವಸ್ಥೆ ಎಂಬ ಹಟ ಬೇಕಿಲ್ಲ. ಟೋಕನ್ ಮತ್ತು ಬೆರಳಚ್ಚು ಸಾಧನ ಜೋಡಿಸುವ ಯಂತ್ರಕ್ಕೆ ವಿಂಡೋಸ್ 11 ಇರಲಿ, ಹೊಸ ಖರೀದಿಯ ಹಣವೂ ಅದಕ್ಕೇ ಮೀಸಲಾಗಲಿ. ಪತ್ರ ಬೆರಳಚ್ಚಿಸುವ ಯಂತ್ರ ಹಾಗೂ ಅರಿವು ಕೇಂದ್ರದ ಓದುಗರ ಯಂತ್ರಗಳಿಗೆ ಲಿನಕ್ಸ್ ಧಾರಾಳವಾಗಿ ಸಾಕು. ಉಬುಂಟು ಅಥವಾ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆಗೊಳಿಸಿ ನೋಡಬಹುದು. ಪ್ರಯೋಗದ ಆಯ್ಕೆಯಲ್ಲಿ ಹಾರ್ಡ್ ಡಿಸ್ಕಿನ ಮೇಲೆ ಏನೂ ಬರೆಯಲ್ಪಡುವುದಿಲ್ಲ. ಕಚೇರಿಯ ಮುದ್ರಕ, ಸ್ಕ್ಯಾನರ್‌ಗಳನ್ನು ಒಂದೊಂದಾಗಿ ಜೋಡಿಸಿ, ಒಂದು ಪುಟ ಮುದ್ರಿಸಿ, ಒಂದು ಪುಟ ಸ್ಕ್ಯಾನ್ ಮಾಡಿದ ನಂತರವೇ ಅಳವಡಿಕೆಯ ತೀರ್ಮಾನ ಆಗಬೇಕು. ಅಳವಡಿಸುವ ಮುನ್ನ ಡೆಸ್ಕ್‌ಟಾಪ್ ಮೇಲೆ ಹರಡಿರುವ ಕಡತಗಳನ್ನೂ ನುಡಿ ಫಾಂಟ್‌ಗಳನ್ನೂ ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಆ ಪ್ರತಿಯನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು.