ನಿಮ್ಮ ಡಾಕ್ಟರ್ ಯಾರು?

ಪ್ರಶ್ನೆ: ನಾನೇ ಮನೋವೈದ್ಯ, ವಯಸ್ಸು 38. ಕೆಲವು ತಿಂಗಳಿಂದ ಬೇಸರ, ಸುಸ್ತು. ಮೆಡಿಕಲ್ ರೆಪ್ ಕೊಟ್ಟ ಖಿನ್ನತೆಯ ಮಾತ್ರೆ ಎಸಿಟಲೊಪ್ರಾಮ್‌ನ ಸ್ಯಾಂಪಲ್ ನುಂಗುತ್ತಿದ್ದೇನೆ. ಹಗುರವೆನಿಸಿದರೆ ಬಿಡುತ್ತೇನೆ, ಆಗ ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತದೆ. ಊರು ಚಿಕ್ಕದು, ಇನ್ನೊಬ್ಬರಿಗೆ ತೋರಿಸಲು ಮುಜುಗರ.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ರೋಗಿ ಹೀಗೆ ಮಾಡಿದ್ದರೆ ಬೈದು ಕಳಿಸುತ್ತಿದ್ದಿರಿ. ಆ ಕರೆಂಟ್ ಯಾಕೆಂದು ನಿಮಗೆ ಹೇಳಬೇಕಿಲ್ಲ. ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12, ಶುಗರ್ ಒಂದನ್ನಾದರೂ ನೋಡಿಸಿದ್ದೀರಾ? ನನ್ನ ದೊಡ್ಡ ಚಿಂತೆ ಬೇರೆ. ಹೊಸ ರೋಗಿ ಬಂದರೆ 'ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆಯೂ ಹುರುಪಾಗಿದ್ದಿರಾ, ಸಿಕ್ಕಾಪಟ್ಟೆ ದುಡ್ಡು ಖರ್ಚು ಮಾಡಿದಿರಾ' ಎಂದು ಕೇಳುತ್ತೀರಿ, ಮನೆಯವರನ್ನೂ ಕೂರಿಸಿ ವಿಚಾರಿಸುತ್ತೀರಿ. ನಿಮ್ಮನ್ನು ಯಾರು ಕೇಳಿದರು? ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬರುವ ಕಾಯಿಲೆ) ಇದ್ದವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಉನ್ಮಾದ ಏರುವಾಗ ತಾನು ಚೆನ್ನಾಗಿಯೇ ಇದ್ದೇನೆ ಅನಿಸುತ್ತದೆ, ಎಂ.ಡಿ. ಆಗಿದ್ದರೂ ಅಷ್ಟೇ. ಈ ವಾರವೇ ಪಕ್ಕದ ಜಿಲ್ಲೆಗೆ ಹೋಗಿ, ಆಗದಿದ್ದರೆ ವಿಡಿಯೊದಲ್ಲಿ ತೋರಿಸಿ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ನಿಮ್ಮ ಹೆಸರಿನಲ್ಲೂ ಒಂದು ಫೈಲ್ ಇರಲಿ. ಅಲ್ಲಿಯವರೆಗೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ.

ಪ್ರಶ್ನೆ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೇನೆ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುತ್ತಿದ್ದು, ಆರಾಮಾಗಿದ್ದೇನೆ. 'ಮನಸ್ಸಿನ ವಿಷಯ ಓದಿದವಳಿಗೆ ಮಾತ್ರೆ ಯಾಕೆ' ಎನ್ನುತ್ತಾರೆ ಅತ್ತೆ. ವೃತ್ತಿ ಬಿಡಬೇಕೇ?
– ಒಬ್ಬ ಓದುಗಿ, ಧಾರವಾಡ

ಉತ್ತರ: ಬಿಡಬೇಡಿ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಹಲ್ಲಿನ ಡಾಕ್ಟರಿಗೆ ಹಲ್ಲು ಹುಳುಕಾಗುವುದಿಲ್ಲವೇ? ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ತಮ್ಮ ಬೈಪೋಲಾರ್ ಬಗ್ಗೆ, ಲಿಥಿಯಂ ಬಗ್ಗೆ 1995ರಲ್ಲಿ ಪುಸ್ತಕವನ್ನೇ ಬರೆದರು, ಕೆಲಸ ಬಿಡಲಿಲ್ಲ. ಆರಾಮಾಗಿದ್ದೇನೆಂದು ರಕ್ತಪರೀಕ್ಷೆ ತಪ್ಪಿಸಬೇಡಿ. ರಾತ್ರಿ ಮಾತ್ರೆ ತೆಗೆದುಕೊಂಡ 12 ಗಂಟೆಗಳ ನಂತರ ಲಿಥಿಯಂ ಮಟ್ಟ ನೋಡಿಸಿ, ಆಮೇಲೆ ಬೆಳಗಿನ ಡೋಸ್. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್, ಟಿಎಸ್‌ಎಚ್, ಕ್ಯಾಲ್ಸಿಯಂ ಕೂಡ. ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೆ ಲಿಥಿಯಂ ಮೈಯಲ್ಲೇ ಉಳಿದು ಏರುತ್ತದೆ. ವಾಂತಿಭೇದಿಯಾದರೆ, ಕೈ ಜೋರಾಗಿ ನಡುಗಿದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಮನೋರೋಗ ವಾರ್ಡಿನ ನರ್ಸ್ ನಾನು. ನಮ್ಮ ರೋಗಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡ ಮೇಲೆ ನಿದ್ದೆಯಿಲ್ಲ.
– ಮೈಸೂರು

ಉತ್ತರ: ಇದು ನಿಮ್ಮ ಸೋಲಲ್ಲ, ಸಂಕಟ. ಹಿರಿಯರೊಬ್ಬರ ಜೊತೆ ಆ ರೋಗಿಯ ವಿಷಯವನ್ನೇ ಕೂತು ಮಾತಾಡಿ. ಎರಡು ವಾರವಾದರೂ ನಿದ್ದೆ ಬರದಿದ್ದರೆ ತೋರಿಸಿಕೊಳ್ಳಿ. ನಿಮಗೇ ಸಾಯುವ ಯೋಚನೆ ಬಂದರೆ ಕಾಯಬೇಡಿ: ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ವಾರ್ಡಿನಲ್ಲಿರುವ, ನಿದ್ದೆ ಬರಿಸುವ ಕ್ಲೊನಜೆಪಾಮ್‌ಗೆ ಮಾತ್ರ ಕೈ ಹಾಕಬೇಡಿ.