ಅಂಕಗಳ ತೂಕ: ಮನೆಗೆಲಸ, ಕಿರುಪರೀಕ್ಷೆ, ವಾರ್ಷಿಕ ಪರೀಕ್ಷೆ

ಶಾಲೆಯೊಂದರ ವರ್ಷದ ದುಡಿಮೆಯೆಲ್ಲ ಕಟ್ಟಕಡೆಗೆ ಒಂದು ಹಾಳೆಯ ಮೇಲೆ ಬಂದು ನಿಲ್ಲುತ್ತದೆ. ತಂದೆತಾಯಿಗಳು ಆ ಅಂಕಪಟ್ಟಿಯಲ್ಲಿ ಮೊತ್ತವನ್ನು ನೋಡುತ್ತಾರೆ, ಉತ್ತೀರ್ಣನೋ ಅಲ್ಲವೋ ಎಂಬುದನ್ನು ನೋಡುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮೊತ್ತ ಹೇಗೆ ಕೂಡಿಬಂದಿತು, ಮನೆಯಲ್ಲಿ ಬರೆದು ತಂದ ಲೆಕ್ಕಗಳಿಗೆ ಎಷ್ಟು ಪಾಲು, ತರಗತಿಯಲ್ಲಿ ನಡೆದ ಕಿರುಪರೀಕ್ಷೆಗಳಿಗೆ ಎಷ್ಟು, ವರ್ಷಾಂತ್ಯದ ಪರೀಕ್ಷೆಗೆ ಎಷ್ಟು ಎಂಬ ವಿಚಾರ ಅಧ್ಯಾಪಕರ ಕೊಠಡಿಯಿಂದ ಹೊರಗೆ ಬರುವುದೇ ಇಲ್ಲ. ಶ್ರೀಮಠದ ಶಾಲೆಯ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಆ ವಿಚಾರವನ್ನು ಎತ್ತಿಕೊಳ್ಳುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಮೊದಲು ಈಗಿರುವ ಕ್ರಮವನ್ನು ತಿಳಿಯೋಣ. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕೆಂದು ವಿಧಿಸಿತು. ಅದರ ಫಲವಾಗಿ ನಮ್ಮ ರಾಜ್ಯದ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ತಲಾ ಶೇ. 15, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು, ತಲಾ ಶೇ. 20 ಎಂಬ ಹಂಚಿಕೆ ರೂಢಿಗೆ ಬಂತು. ಅಂದರೆ ನೂರರಲ್ಲಿ ಅರವತ್ತು ಭಾಗ ದಿನನಿತ್ಯದ ಕಲಿಕೆಗೆ, ನಲವತ್ತು ಭಾಗ ದೊಡ್ಡ ಪರೀಕ್ಷೆಗಳಿಗೆ. ಹತ್ತನೆಯ ತರಗತಿಗೆ ಬಂದೊಡನೆ ಈ ತೂಕ ತಲೆಕೆಳಗಾಗುತ್ತದೆ. ಅಲ್ಲಿ ಪ್ರಥಮ ಭಾಷೆಗೆ ಲಿಖಿತ ಪರೀಕ್ಷೆಯಲ್ಲಿ 100, ಆಂತರಿಕವಾಗಿ 25, ಉಳಿದ ವಿಷಯಗಳಿಗೆ 80 ಮತ್ತು 20, ಒಟ್ಟು 625. ಹಿರಿಯ ಪ್ರಾಥಮಿಕದಲ್ಲಿ ಒಂದು ತಕ್ಕಡಿಯಲ್ಲಿ ತೂಗಿದ ಮಗುವನ್ನು ಹತ್ತನೆಯ ತರಗತಿಯಲ್ಲಿ ಬೇರೊಂದು ತಕ್ಕಡಿಗೆ ಏರಿಸುತ್ತೇವೆ.

ಇದು ಕಾಗದದ ಮೇಲಿನ ತೂಕ. ನಿಜವಾದ ತೂಕ ಬೇರೆಯೇ ಇದೆ. ರಾಯಚೂರಿನ ರಾಜೇಂದ್ರ ಗಂಜಿಗೆ ಮಾಲು ಒಯ್ದ ರೈತನಿಗೆ ಈ ಮಾತು ಬೇಗ ತಿಳಿಯುತ್ತದೆ. ಚೀಲದ ತೂಕ ಎಲ್ಲರ ಮಾಲಿನಲ್ಲೂ ಒಂದೇ ಆಗಿರುವುದರಿಂದ ಯಾರ ಮಾಲು ಹೆಚ್ಚು, ಯಾರದು ಕಡಿಮೆ ಎಂಬುದನ್ನು ಅದು ಹೇಳಲಾರದು. ತರಗತಿಯೊಂದರಲ್ಲಿ ಆಂತರಿಕ ಅಂಕಗಳು ಎಲ್ಲರಿಗೂ 20ಕ್ಕೆ 18, 19, 20 ಎಂದೇ ಬಿದ್ದಿವೆಯೆನ್ನಿ. ಲಿಖಿತ ಪರೀಕ್ಷೆಯಲ್ಲಿ ಅದೇ ಮಕ್ಕಳು 80ಕ್ಕೆ 15ರಿಂದ 70ರವರೆಗೆ ಹರಡಿಕೊಂಡಿದ್ದಾರೆ. ಆಗ ಮಕ್ಕಳ ನಡುವಣ ಅಂತರವನ್ನು ನಿರ್ಣಯಿಸುವಲ್ಲಿ ಲಿಖಿತ ಪರೀಕ್ಷೆಗೆ 55 ಅಂಕಗಳ ಅವಕಾಶವಿದೆ. ಆಂತರಿಕಕ್ಕೆ ಇರುವುದು ಎರಡೇ ಅಂಕ. ಶೇ. 20 ಎಂದು ಬರೆದ ತೂಕ ಕಾರ್ಯತಃ ಶೇ. 4ರಷ್ಟೂ ಇಲ್ಲವಾಯಿತು. ಅದು ಮಗುವಿನ ವಿಚಾರವಾಗಿ ಏನನ್ನೂ ಹೇಳದೆ, ಎಲ್ಲರನ್ನೂ ಒಂದೇ ಮೆಟ್ಟಿಲು ಎತ್ತಿ ನಿಲ್ಲಿಸಿ ಸುಮ್ಮನಾಗುತ್ತದೆ.

ಎತ್ತಿ ನಿಲ್ಲಿಸಿದರೆ ಕೆಡುಕೇನು ಎಂದು ಕೇಳುವವರಿದ್ದಾರೆ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ನೆನೆಯಬೇಕು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಕೃಷ್ಣೆಯ ಆಚೆಗಿನ ನಮ್ಮ ನೆರೆಯ ಯಾದಗಿರಿ ಜಿಲ್ಲೆ ಶೇ. 50.59ರೊಡನೆ ಕಟ್ಟಕಡೆಯಲ್ಲಿ ನಿಂತಿತು. ವರ್ಷವಿಡೀ ಮಗುವಿನ ಪುಸ್ತಕದ ಮೇಲೆ ಹತ್ತೊಂಬತ್ತು, ಇಪ್ಪತ್ತು ಎಂದು ಕೆಂಪು ಮಸಿಯಲ್ಲಿ ಬರೆದಿದ್ದರೆ, ಆ ಮಗುವಿಗೂ ಅದರ ಮನೆಯವರಿಗೂ ಎಚ್ಚರಿಕೆ ಸಿಗುವುದು ಯಾವಾಗ? ಮೇ ತಿಂಗಳಲ್ಲಿ, ಎಲ್ಲ ಮುಗಿದ ಮೇಲೆ.

2025ರ ಅಕ್ಟೋಬರ್‌ನಲ್ಲಿ ಸರಕಾರ ಪ್ರಕಟಿಸಿದ ನಿಯಮದಿಂದ ಈ ಪ್ರಶ್ನೆ ಇನ್ನಷ್ಟು ಹತ್ತಿರಕ್ಕೆ ಬಂದಿದೆ. ಉತ್ತೀರ್ಣತೆಗೆ ಒಟ್ಟು 625ಕ್ಕೆ 206, ಅಂದರೆ ಶೇ. 33, ಪ್ರತಿಯೊಂದು ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಎರಡೂ ಸೇರಿ ಕನಿಷ್ಠ ಶೇ. 30. ಆಂತರಿಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತುಂಬಿಸಿಕೊಂಡ ವಿದ್ಯಾರ್ಥಿಗೆ ಒಂದು ವಿಷಯದ ಕನಿಷ್ಠವನ್ನು ಮುಟ್ಟಲು ಲಿಖಿತದಲ್ಲಿ 80ಕ್ಕೆ ಇನ್ನು ಬೇಕಾದದ್ದು ಹತ್ತು. ಅಧ್ಯಾಪಕನ ಲೇಖನಿಗೆ ಇಷ್ಟು ಅಧಿಕಾರ ಹಿಂದೆ ಇರಲಿಲ್ಲ. ಕಲಿಯದ ಮಗುವನ್ನು ದಾಟಿಸಿಬಿಡುವ ಅಧಿಕಾರ ಅದು, ಪಿ.ಯು.ಸಿ. ಗಣಿತದ ಮುಂದೆ ಆ ಮಗು ಒಂಟಿಯಾಗಿ ನಿಲ್ಲುವ ದಿನ ಆ ಅಧ್ಯಾಪಕ ಜೊತೆಗಿರುವುದಿಲ್ಲ.

ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನವರ ಕಥೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಅದು ಆ ದಿನದ ಕಾಯಕಕ್ಕೆ ಸಲ್ಲತಕ್ಕದ್ದಾಗಿರಲಿಲ್ಲ. ಕನಿಕರದಿಂದ ಕೊಟ್ಟ ಅಂಕವನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಆ ತಾಯಿಯ ನೆನಪಾಗುತ್ತದೆ.

ಹಾಗೆಂದು ದಿನನಿತ್ಯದ ಕಲಿಕೆಗೆ ತೂಕವೇ ಬೇಡವೆಂದು ನಾನು ಹೇಳುತ್ತಿಲ್ಲ. ಮೂರು ಗಂಟೆಯ ಒಂದು ಪರೀಕ್ಷೆ ಹತ್ತು ತಿಂಗಳ ಕಲಿಕೆಗೆ ಸಾಕ್ಷಿಯಾಗಲಾರದೆಂಬುದನ್ನು 1952–53ರ ಮುದಲಿಯಾರ್ ಆಯೋಗವೇ ಕಂಡುಕೊಂಡು, ಶಾಲೆಯ ದಾಖಲೆಗಳಿಗೆ ಬೆಲೆ ಕೊಡಬೇಕೆಂದಿತು. 1964–66ರ ಕೊಠಾರಿ ಆಯೋಗ ಇನ್ನೊಂದು ವಿವೇಕದ ಮಾತನ್ನು ಸೇರಿಸಿತು: ಶಾಲೆಯ ಆಂತರಿಕ ಮೌಲ್ಯಮಾಪನವನ್ನು ಬಾಹ್ಯ ಪರೀಕ್ಷೆಯ ಅಂಕಗಳೊಡನೆ ಬೆರೆಸದೆ ಪ್ರತ್ಯೇಕವಾಗಿ ತೋರಿಸಬೇಕು. ಎರಡು ಸಾಕ್ಷಿಗಳು ಬೇರೆಬೇರೆ ನಿಂತರೆ ಒಂದು ಇನ್ನೊಂದನ್ನು ಪರೀಕ್ಷಿಸುತ್ತದೆ. ಕೂಡಿಸಿಬಿಟ್ಟರೆ ಎರಡರ ಮಾತೂ ಕೇಳಿಸುವುದಿಲ್ಲ. ಹಾಗಾದರೆ ದಿನನಿತ್ಯದ ಕಲಿಕೆಯಲ್ಲಿ ಯಾವುದಕ್ಕೆ ಅಂಕ ಸಲ್ಲಬೇಕು?

ಮನೆಗೆಲಸದಿಂದ ಆರಂಭಿಸೋಣ. ನಮ್ಮ ಮಾತಿನಲ್ಲಿ ಈ ಪದಕ್ಕೆ ಎರಡು ಅರ್ಥ. ಶಾಲೆ ಕೊಟ್ಟ ಲೆಕ್ಕವೂ ಮನೆಗೆಲಸವೇ, ನೀರು ತರುವುದು, ರೊಟ್ಟಿ ಬಡಿಯುವುದು, ತಮ್ಮನನ್ನು ಎತ್ತಿಕೊಳ್ಳುವುದೂ ಮನೆಗೆಲಸವೇ. ನಮ್ಮ ಹೆಣ್ಣುಮಕ್ಕಳು ಎರಡನೆಯದನ್ನು ಮುಗಿಸಿದ ಮೇಲೆ ಮೊದಲನೆಯದಕ್ಕೆ ಕೂಡಬೇಕು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ಸ್ತ್ರೀಯರಲ್ಲಿ ಶೇ. 48.73. ಆಗಿನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಅಕ್ಷರವಿರಲಿಲ್ಲ. ಅಂಥ ಮನೆಯ ಮಗುವಿಗೆ ತಪ್ಪಿದ ಹೆಜ್ಜೆಯನ್ನು ತೋರಿಸುವವರಾರು? ಊರಿನ ಇನ್ನೊಂದು ಬದಿಯಲ್ಲಿ ಟ್ಯೂಷನ್ನಿಗೆ ಹೋಗುವ ಮಗು ಅಂದವಾಗಿ ಬರೆದ ಪುಸ್ತಕ ತರುತ್ತದೆ. ಎರಡಕ್ಕೂ ಅಂಕ ಕೊಟ್ಟಾಗ ಅಳತೆಗೆ ಸಿಕ್ಕಿದ್ದು ಮನೆ, ಮಗುವಲ್ಲ. ಇನ್ನು ಈಚೆಗೆ ಮೊಬೈಲಿನಿಂದ ಉತ್ತರ ಇಳಿಸಿಕೊಂಡು ಬರುವ ಪರಿಪಾಟ ಬಂದ ಮೇಲಂತೂ ಆ ಅಳತೆಗೆ ಅರ್ಥವೇ ಉಳಿದಿಲ್ಲ.

ಆದಕಾರಣ ಮನೆಗೆಲಸವನ್ನು ಕೊಡಬೇಕು, ನೋಡಬೇಕು, ತಿದ್ದಬೇಕು. ಅದಕ್ಕೆ ಅಂಕ ಸಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಅದು ಅಭ್ಯಾಸ, ಅಭ್ಯಾಸದಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯವಿರಬೇಕು. ಅಂಕವಿಲ್ಲದಿದ್ದರೆ ಮಕ್ಕಳು ಬರೆದೇ ತರುವುದಿಲ್ಲ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉತ್ತರ ಕಿರುಪರೀಕ್ಷೆಯಲ್ಲಿದೆ. ವಾರದ ಮನೆಗೆಲಸದಿಂದಲೇ ಆಯ್ದ ಐದು ಪ್ರಶ್ನೆಗಳನ್ನು ಸೋಮವಾರ ಮೊದಲ ಹತ್ತು ನಿಮಿಷ ತರಗತಿಯಲ್ಲೇ ಬರೆಯಿಸಬೇಕು. ತಾನೇ ಮಾಡಿದವನು ಬರೆಯುತ್ತಾನೆ, ನೋಡಿ ಬರೆದವನು ತಡವರಿಸುತ್ತಾನೆ. ಮನೆಗೆಲಸದ ಪ್ರಮಾಣಕ್ಕೂ ಮಿತಿ ಬೇಕು. 2020ರ ಶಾಲಾ ಚೀಲ ನೀತಿ ಎರಡನೆಯ ತರಗತಿಯವರೆಗೆ ಮನೆಗೆಲಸವೇ ಬೇಡವೆಂದೂ, ಆರರಿಂದ ಎಂಟನೆಯ ತರಗತಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಸೂಚಿಸಿದೆ.

ಕಿರುಪರೀಕ್ಷೆಗಳ ಅಂಕಗಳನ್ನು ಕೂಡಿಸುವ ಬಗೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಭಿನ್ನರಾಶಿಯ ಪಾಠದ ಐದು ಕಿರುಪರೀಕ್ಷೆಗಳಲ್ಲಿ ಒಬ್ಬ ಹುಡುಗಿ ಹತ್ತಕ್ಕೆ ಕ್ರಮವಾಗಿ 2, 4, 6, 8, 9 ಪಡೆದಳೆನ್ನಿ. ಒಬ್ಬ ಹುಡುಗ 8, 7, 6, 4, 4 ಪಡೆದ. ಇಬ್ಬರ ಮೊತ್ತವೂ 29. ಸರಾಸರಿ ತೆಗೆಯುವ ಶಾಲೆಯಲ್ಲಿ ಇಬ್ಬರೂ ಸಮಾನರು. ಆದರೆ ಹುಡುಗಿಗೆ ಇಂದು ಭಿನ್ನರಾಶಿ ಬರುತ್ತದೆ. ಹುಡುಗನ ಕೈಯಿಂದ ಅದು ಜಾರುತ್ತಿದೆ, ಯಾರೋ ಅವನನ್ನು ಕರೆದು ಕೇಳಬೇಕಾಗಿದೆ. ಸರಾಸರಿಯೆಂಬುದು ಕಲಿಯುವ ಮೊದಲಿನ ಅಜ್ಞಾನಕ್ಕೆ ಕಲಿತ ಮೇಲೂ ದಂಡ ವಿಧಿಸುವ ಕ್ರಮ. ಕೊನೆಯ ಎರಡಕ್ಕೆ ಇಮ್ಮಡಿ ತೂಕ ಕೊಟ್ಟು ನೋಡಿ: ಎಪ್ಪತ್ತಕ್ಕೆ ಹುಡುಗಿಗೆ 46, ಹುಡುಗನಿಗೆ 37. ಚಿತ್ರ ಸ್ಪಷ್ಟವಾಯಿತು.

ಸೊನ್ನೆಯ ವಿಚಾರ ಇದಕ್ಕಿಂತ ಗಂಭೀರವಾದುದು. ರಾಯಚೂರಿನಿಂದ ಬಂದ ದಾರಿ ಕಲ್ಮಲದಲ್ಲಿ ಮಾನ್ವಿಯ ಕಡೆಗೂ ದೇವದುರ್ಗದ ಕಡೆಗೂ ಕವಲೊಡೆಯುತ್ತದೆ. ಎರಡೂ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ತರಗತಿಗಳು ತೆಳುವಾಗುತ್ತವೆ. ಮೂರನೆಯ ರೂಪಣಾತ್ಮಕ ಮೌಲ್ಯಮಾಪನ ಬರುವುದೂ ಸುಮಾರು ಆ ದಿನಗಳಲ್ಲೇ. ನಾಲ್ಕರಲ್ಲಿ ಮೂರು ಸಲ ಹತ್ತಕ್ಕೆ ಎಂಟು ಪಡೆದು ಒಮ್ಮೆ ಗೈರುಹಾಜರಾದ ಮಗುವಿಗೆ ಸೊನ್ನೆ ಬರೆದರೆ ಸರಾಸರಿ ಎಂಟರಿಂದ ಆರಕ್ಕೆ ಬೀಳುತ್ತದೆ. ಆ ಸೊನ್ನೆ ಗಣಿತ ಬಾರದೆಂದು ಹೇಳುತ್ತಿಲ್ಲ, ಕೂಲಿಗೆ ಹೋಗಿತ್ತೆಂದು ಹೇಳುತ್ತಿದೆ. ಹಾಜರಿಯನ್ನು ಹಾಜರಿ ಪುಸ್ತಕದಲ್ಲಿ ಬರೆಯಬೇಕು, ಅಂಕದ ಪುಸ್ತಕದಲ್ಲಿ ಅಲ್ಲ. ಅಂಥ ಕಡೆ ಖಾಲಿ ಬಿಟ್ಟು, ಮಗು ಮರಳಿದ ಎರಡು ವಾರಗಳೊಳಗೆ ಅದೇ ಪಾಠದ ಮೇಲೆ ಬೇರೆ ಪ್ರಶ್ನೆಗಳನ್ನು ಕೊಟ್ಟು ತುಂಬುವುದು ನ್ಯಾಯ. ಇದು ರಿಯಾಯಿತಿಯಲ್ಲ, ಪರೀಕ್ಷೆ ಅಷ್ಟೇ ಕಠಿಣವಾಗಿರಬೇಕು.

ಇದೆಲ್ಲ ಅಧ್ಯಾಪಕರ ಮೇಲೆ ಹೊರೆಯಾಗುವುದಿಲ್ಲವೇ? ಲೆಕ್ಕ ಹಾಕೋಣ. ಐವತ್ತು ಮಕ್ಕಳ ಮೂರು ತರಗತಿಗಳೆಂದರೆ ನೂರೈವತ್ತು ಪುಸ್ತಕ. ಒಂದಕ್ಕೆ ಎರಡೇ ನಿಮಿಷವೆಂದರೂ ಐದು ಗಂಟೆ. ಆದ್ದರಿಂದಲೇ ಮನೆಗೆಲಸದ ಪುಟದ ಮೇಲೆ ಸಹಿ ಮಾತ್ರ ಬೀಳುತ್ತದೆ. ಅದನ್ನು ತಿದ್ದಿದ್ದು ಎಂದು ಕರೆಯಲಾಗದು. ಐದು ಪ್ರಶ್ನೆಯ ಕಿರುಪರೀಕ್ಷೆಯನ್ನಾದರೋ ಮಕ್ಕಳೇ ಹಾಳೆ ಬದಲಿಸಿಕೊಂಡು ಅಧ್ಯಾಪಕರು ಉತ್ತರ ಬಿಡಿಸಿ ತೋರಿಸಿದಂತೆ ತಿದ್ದಬಹುದು. ಅಧ್ಯಾಪಕರು ಪ್ರತಿ ಸಲ ಹತ್ತು ಹಾಳೆಗಳನ್ನು ತೆಗೆದು ಮತ್ತೊಮ್ಮೆ ನೋಡಿದರೆ ಸಾಕು.

ದಾನಿಗಳಿಗೆ ಒಂದು ಅರಿಕೆ ಉಳಿದಿದೆ. ಪ್ರಥಮ ಸ್ಥಾನ ಪಡೆದವರಿಗೆ ಪದಕವಿಡುವ ದತ್ತಿಗಳು ಎಲ್ಲ ಶಾಲೆಗಳಲ್ಲೂ ಇವೆ, ಅವು ಇರಲಿ. ಪ್ರಸಾದ ನಿಲಯದ ಪರಂಪರೆಯಿರುವ ಮಠಗಳಿಗೆ ಸಂಜೆಯ ಅಭ್ಯಾಸದ ಕೊಠಡಿ ನಡೆಸುವುದು ಕಷ್ಟವಲ್ಲ: ಬೆಳಕು, ಚಾಪೆ, ಆರರಿಂದ ಏಳೂವರೆಯವರೆಗೆ ಕೂಡುವ ಒಬ್ಬ ಪದವೀಧರ, ಒಂದು ಹಿಡಿ ಉಪ್ಪಿಟ್ಟು. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳು ಮನೆಗೆಲಸವನ್ನು ಅಲ್ಲಿಯೇ ಮುಗಿಸಿ ಹೋಗಬಹುದು. ಮೊದಲು ಎಂಟನೆಯ ತರಗತಿಯೊಂದಕ್ಕೆ, ದಸರಾ ರಜೆಯ ಮುಂದಿನ ಅವಧಿಗೆ ಮಾತ್ರ ಇದನ್ನು ನಡೆಸಿ, ಕಿರುಪರೀಕ್ಷೆಯ ಅಂಕಗಳನ್ನು ಒಂದು ಕಲಮಿನಲ್ಲಿ, ಸಂಕಲನಾತ್ಮಕ ಪರೀಕ್ಷೆಯ ಅಂಕಗಳನ್ನು ಇನ್ನೊಂದರಲ್ಲಿ ಬರೆದಿಟ್ಟರೆ, ಮಾರ್ಚ್ ಕೊನೆಗೆ ಎರಡು ಕಲಮುಗಳನ್ನು ಪಕ್ಕಪಕ್ಕ ಹಿಡಿದು ನೋಡಬಹುದು.