ರೇಂಜ್ ಕೊಳ್ಳುವ ಮೊದಲು ನಿಮ್ಮ ಓಡಾಟ ಅಳೆಯಿರಿ

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವಾಗ ನಮ್ಮ ಮನೆಯಲ್ಲಿ ಎದ್ದ ದೊಡ್ಡ ಚರ್ಚೆ ಕಂಪನಿಯದ್ದಲ್ಲ, ಬಣ್ಣದ್ದೂ ಅಲ್ಲ, ಬ್ಯಾಟರಿಯದ್ದು. ನೋಡಿ ಇಷ್ಟಪಟ್ಟ ಮಾಡೆಲ್ ಒಂದೇ. ಆದರೆ ಚಿಕ್ಕ ಬ್ಯಾಟರಿಗೂ ದೊಡ್ಡ ಬ್ಯಾಟರಿಗೂ ಆನ್‌ರೋಡ್ ಬೆಲೆಯಲ್ಲಿ ಹತ್ತಿರಹತ್ತಿರ 40,000 ರೂ. ವ್ಯತ್ಯಾಸ. "ಸಾರ್, ಮೂರು ವರ್ಷಕ್ಕೆ ಲೋನ್ ಮಾಡಿಸಿದ್ರೆ ತಿಂಗಳಿಗೆ ಸಾವಿರದ ಮುನ್ನೂರು ಜಾಸ್ತಿ ಆಗುತ್ತೆ, ಅಷ್ಟೇ" ಎಂದ ಶೋರೂಮಿನ ಹುಡುಗ. ನನ್ನ ಹೆಂಡತಿಗೂ ದೊಡ್ಡದರ ಮೇಲೇ ಮನಸ್ಸಿತ್ತು. "ದಾರೀಲಿ ನಿಂತುಹೋದ್ರೆ ಯಾರನ್ನ ಕರೀಲಿ?" ಎನ್ನುವುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಆ ದಿನ ಬುಕ್ ಮಾಡದೆ ಮನೆಗೆ ಬಂದು ಕೂತು ಲೆಕ್ಕ ಹಾಕಿದೆವು. ಕೊನೆಗೆ ತಂದದ್ದು ಚಿಕ್ಕ ಬ್ಯಾಟರಿಯದನ್ನೇ. ಆ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತೇನೆ.

ನಮ್ಮದು ಮೈಸೂರಿನ ಓಡಾಟ. ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವುದು, ಸಂಜೆ ಮಗಳ ಟ್ಯೂಷನ್, ತರಕಾರಿ ಎಲ್ಲ ಸೇರಿ ದಿನಕ್ಕೆ ಸುಮಾರು 30 ಕಿ.ಮೀ. ತಿಂಗಳಿಗೆ 25 ದಿನವೆಂದರೆ 750 ಕಿ.ಮೀ. ಹಳೆಯ ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಡುತ್ತಿತ್ತು. ಪೆಟ್ರೋಲಿಗೆ 103 ರೂ. ಹಿಡಿದರೆ ಕಿ.ಮೀ.ಗೆ 2 ರೂ. 29 ಪೈಸೆ. ಎಲೆಕ್ಟ್ರಿಕ್ ಸ್ಕೂಟರ್, ಚಾರ್ಜಿಂಗಿನಲ್ಲಿ ಪೋಲಾಗುವ ಕರೆಂಟನ್ನೂ ಸೇರಿಸಿಕೊಂಡು, ಒಂದು ಯೂನಿಟ್ಟಿಗೆ 28 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಸರ್‌ಚಾರ್ಜ್, ತೆರಿಗೆ ಸೇರಿ ಯೂನಿಟ್ಟಿಗೆ 7 ರೂ. ಇಟ್ಟರೆ ಕಿ.ಮೀ.ಗೆ 25 ಪೈಸೆ. ಉಳಿತಾಯ ಕಿ.ಮೀ.ಗೆ 2 ರೂ., ತಿಂಗಳಿಗೆ 1,500 ರೂ.

ಈಗ ದೊಡ್ಡ ಬ್ಯಾಟರಿಯ 1,300 ರೂ. ಕಂತನ್ನು ಇದರ ಪಕ್ಕದಲ್ಲಿಡಿ. ಮೂರು ವರ್ಷ ಪೆಟ್ರೋಲಿನಲ್ಲಿ ಉಳಿಯುವ ಹಣವೆಲ್ಲ ಹೆಚ್ಚುಕಡಿಮೆ ಅದಕ್ಕೇ ಹೋಗುತ್ತದೆ. ಹೋಗಲಿ, ಅದರಿಂದ ಕಿ.ಮೀ. ಖರ್ಚು ಒಂದು ಪೈಸೆಯಾದರೂ ಇಳಿಯುತ್ತದೆಯೇ? ಇಲ್ಲ. ದೊಡ್ಡ ಬ್ಯಾಟರಿ ದೂರ ಕೊಡುತ್ತದೆ, ಉಳಿತಾಯ ಕೊಡುವುದಿಲ್ಲ. ದಿನಕ್ಕೆ 10 ಕಿ.ಮೀ. ಮಾತ್ರ ಓಡಿಸುವವರ ಸ್ಥಿತಿ ಇನ್ನೂ ಕಷ್ಟ: ತಿಂಗಳ ಉಳಿತಾಯ 500 ರೂ., ಹೆಚ್ಚುವರಿ 40,000 ರೂ. ಹುಟ್ಟಲು 80 ತಿಂಗಳು, ಅದೂ ಬಡ್ಡಿ ಬಿಟ್ಟು.

ಹಾಗಾದರೆ ಎಷ್ಟು ರೇಂಜ್ ಸಾಕು? ನನ್ನ ಸೂತ್ರ ಸರಳ. ಜಾಹೀರಾತಿನ ಐಡಿಸಿ (ಇಂಡಿಯನ್ ಡ್ರೈವಿಂಗ್ ಸೈಕಲ್) ಪರೀಕ್ಷೆಯ ರೇಂಜಿನಲ್ಲಿ ಮೂರನೇ ಒಂದು ಪಾಲು ಕಳೆಯಿರಿ. ಉಳಿದದ್ದು ನಿಮ್ಮ ದಿನದ ಓಡಾಟದ ಎರಡರಷ್ಟಿದ್ದರೆ ಸಾಕು. ಹಿಂದೆ ಒಬ್ಬರು ಕೂತು ಚಾಮುಂಡಿ ಬೆಟ್ಟ ಹತ್ತಿದರೂ, ವರ್ಷ ಕಳೆದಂತೆ ಬ್ಯಾಟರಿ ಸೊರಗಿದರೂ ತಡೆಯುವಷ್ಟು ಮಿಗುತೆ ಅದರಲ್ಲಿದೆ. ನಂಜನಗೂಡಿನಿಂದ ದಿನಾ ಬಂದು ಮೈಸೂರೊಳಗೂ ಸುತ್ತುವವರು, ಡೆಲಿವರಿ ಕೆಲಸದವರು, ಮೆಡಿಕಲ್ ರೆಪ್‌ಗಳು ದೊಡ್ಡದನ್ನೇ ಕೊಳ್ಳಲಿ. ಅವರಿಗೆ ಅದು ದುಡಿಯುವ ಬಂಡವಾಳ.

ಮಿಗಿಸಿದ ಹಣದಲ್ಲಿ ಸ್ವಲ್ಪವನ್ನು ನಾವು ಪಾರ್ಕಿಂಗ್ ಜಾಗದ ವೈರಿಂಗಿಗೆ ಹಾಕಿದೆವು. ನಮ್ಮ ಮೀಟರಿನಿಂದಲೇ ಬೇರೆ ಲೈನ್, 16 ಆ್ಯಂಪ್ ಸಾಕೆಟ್, ಅದಕ್ಕೊಂದು ಎಂಸಿಬಿ. ಎಲೆಕ್ಟ್ರಿಷಿಯನ್ ಮೊದಲು ನೋಡಿದ್ದು ಹಿತ್ತಲಿನ ಅರ್ತಿಂಗ್ ಗುಂಡಿಯನ್ನು. ಇದ್ದಿಲು, ಉಪ್ಪು ಎಲ್ಲ ಒಣಗಿ ಗಟ್ಟಿಯಾಗಿತ್ತು, ತಂತಿ ಹಸಿರು ಕಿಲುಬು ಹಿಡಿದಿತ್ತು. ಅದನ್ನು ತೆಗೆಸಿ ಹೊಸದು ಹಾಕಿಸಿದ ಮೇಲೆಯೇ ಚಾರ್ಜರ್ ಜೋಡಿಸಿದ್ದು. ಅರ್ತಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರುಗಳು ಚಾರ್ಜನ್ನೇ ಮಾಡುವುದಿಲ್ಲ. ಬಾಡಿಗೆ ಮನೆಯವರು ಬುಕ್ ಮಾಡುವ ಮೊದಲೇ ಮಾಲೀಕರ ಒಪ್ಪಿಗೆ ಪಡೆಯಬೇಕು. ಚಾರ್ಜ್ ಮಾಡಲು ಸ್ವಂತ ಜಾಗವಿಲ್ಲದವರಿಗೆ ಎಷ್ಟು ರೇಂಜ್ ಇದ್ದರೂ ನೆಮ್ಮದಿಯಿಲ್ಲ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕವನ್ನೂ ಹಾಕಲೇಬೇಕು. ನಮ್ಮಂತೆ ತಿಂಗಳಿಗೆ 750 ಕಿ.ಮೀ. ಓಡಿಸಲು ಸುಮಾರು 27 ಯೂನಿಟ್ ಬೇಕು. ನಿಮ್ಮ ಅರ್ಹ ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು. 180 ಯೂನಿಟ್ ಸುಡುವ ಮನೆ 207ಕ್ಕೆ ಹೋದರೆ ಸುಮಾರು 1,450 ರೂ., ನಿಗದಿತ ಶುಲ್ಕ ಬೇರೆ. ಪೆಟ್ರೋಲಿನಲ್ಲಿ ಉಳಿದದ್ದು ಅಲ್ಲಿಗೆ ಮುಗಿಯಿತು. ಅಂಥ ಮನೆಯವರು ಗೀಸರಿನ ಬಳಕೆಯನ್ನೋ ಹಳೆಯ ಫ್ರಿಜ್ಜನ್ನೋ ಮೊದಲು ಸರಿಪಡಿಸಿಕೊಳ್ಳಲಿ.

ಇನ್ನು, "ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ" ಎಂದು ಮಾರುವ ಅಗ್ಗದ ಸ್ಕೂಟರುಗಳು. ಇವುಗಳ ಬಗ್ಗೆ ನನಗೆ ಸ್ವಲ್ಪವೂ ತಾಳ್ಮೆಯಿಲ್ಲ. ಕಾನೂನಿನ ವಿನಾಯಿತಿ ಇರುವುದು ಮೋಟರ್ ಶಕ್ತಿ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ.ಯೊಳಗೆ ಇರುವ ವಾಹನಕ್ಕೆ ಮಾತ್ರ. ಆ ವೇಗದಲ್ಲಿ ರಿಂಗ್ ರಸ್ತೆಗಿಳಿಯುವುದೇ ಅಪಾಯ. ಅದು ಗೊತ್ತಿದ್ದೇ ಕೆಲವು ಅಂಗಡಿಯವರು "ಒಂದು ವೈರ್ ತೆಗೆದರೆ 45 ಹೋಗುತ್ತೆ" ಎನ್ನುತ್ತಾರೆ. ವೈರ್ ತೆಗೆದ ಕ್ಷಣದಿಂದ ನೀವು ಓಡಿಸುವುದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡಬೇಕಾದವರು ನೀವೇ, ನಿಮ್ಮ ಜೇಬಿನಿಂದಲೇ. ಅದರೊಳಗಿರುವುದು ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ಎರಡು ಮೂರು ವರ್ಷಕ್ಕೆ ಅದಕ್ಕೂ ಮತ್ತೆ ದುಡ್ಡು. ಹದಿನಾರರ ಮಗನಿಗೆ ಇದನ್ನು ಕೊಡಿಸುವ ಅಪ್ಪ ಅಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ: ಬಸ್ ಪಾಸ್ ಮಾಡಿಸಿಕೊಡಿ.

ಇಷ್ಟೆಲ್ಲ ಲೆಕ್ಕ ಸರಿಯಾದರೂ ಹಣ ಉಳಿಯದ ಮನೆಗಳಿವೆ. ಬಂಕಿನಲ್ಲಿ ಕೊಡದ 1,500 ರೂ. ಖಾತೆಯಲ್ಲಿ ಸುಮ್ಮನೆ ಕೂರುವುದಿಲ್ಲ, ವಾರಾಂತ್ಯದ ಹೋಟೆಲಿಗೋ ಆನ್‌ಲೈನ್ ಆರ್ಡರಿಗೋ ಸೋರಿಹೋಗುತ್ತದೆ. ಸಂಬಳ ಬಂದ ದಿನವೇ ಅದನ್ನು ಆರ್‌ಡಿಗೆ ಹಾಕಿ. ಐದು ವರ್ಷಕ್ಕೆ ಅಸಲೇ 90,000 ರೂ. ಮುಂದಿನ ಬ್ಯಾಟರಿಗೆ ಅಥವಾ ಮುಂದಿನ ಸ್ಕೂಟರಿಗೆ ಸಾಲ ಕೇಳುವ ಅಗತ್ಯ ಆಗ ಬೀಳುವುದಿಲ್ಲ. ತಿಂಗಳ ಕಂತು ಎಷ್ಟು ಎಂದು ಮೊದಲು ಕೇಳುವ ಅಭ್ಯಾಸವನ್ನೂ ಬಿಡಿ. ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಎಂದು ಕೇಳಿ. ಶೋರೂಮಿಗೆ ಹೋಗುವ ಮೊದಲು ಒಂದು ತಿಂಗಳು ಈಗಿನ ಗಾಡಿಯ ಮೀಟರ್ ಬರೆದಿಡಿ. ಎಂಥ ಬ್ಯಾಟರಿ ಬೇಕೆಂದು ಆ ಪುಟವೇ ಹೇಳುತ್ತದೆ, ಮಾರುವವನನ್ನು ಕೇಳಬೇಕಿಲ್ಲ.